ಪಕ್ಕದಲ್ಲಿ ಹಿಡಿ, ತೊಟ್ಟಿಕ್ಕದ ಮೂತಿ: ಕ್ಯೂಸು ಮಾಡುವ ಬಗೆ

ಜಪಾನಿನವರು ಹಸಿರು ಚಹಾ ಬಗ್ಗಿಸಲು ಬಳಸುವ ಪುಟ್ಟ ಟೀಪಾಟ್‌ಗೆ ಕ್ಯೂಸು ಎಂದು ಹೆಸರು. ಅದರ ಹಿಡಿ ಸಾಮಾನ್ಯವಾಗಿ ಪಕ್ಕದಲ್ಲಿರುತ್ತದೆ. ಐಚಿ ಪ್ರಾಂತದ ತೊಕೊನಮೆ ಇದಕ್ಕೆ ಹೆಸರುವಾಸಿ. ಚೀನಾದ ಯಿಶಿಂಗ್ ಟೀಪಾಟ್‌ಗಳಿಗೆ ಮನಸೋತು 19ನೇ ಶತಮಾನದ ನಡುವಿನಲ್ಲಿ ಅಲ್ಲಿಯ ಕುಂಬಾರರು ಕೆಂಪು ಮಣ್ಣಿನ ಕ್ಯೂಸು ಮಾಡತೊಡಗಿದರು. 1878ರಲ್ಲಿ ಜಿನ್ ಶಿಹೆಂಗ್ ಎಂಬಾತ ಚೀನಾದಿಂದ ಬಂದು ಯಿಶಿಂಗ್ ಕೆಲಸವನ್ನೇ ಕಲಿಸಿದ. ಯಿಶಿಂಗ್‌ನವರು ಮಣ್ಣನ್ನು ಹಾಳೆಯಂತೆ ತಟ್ಟಿ ಜೋಡಿಸುತ್ತಾರೆ. ತೊಕೊನಮೆಯಲ್ಲಿ ಇಂದಿಗೂ ತಿಗುರಿಯದೇ, ಅಂದರೆ ಕುಂಬಾರನ ಚಕ್ರದ್ದೇ ಕಾರುಬಾರು. ತಿಗುರಿಯ ಮೇಲೆ ಬಟ್ಟಲು ಎತ್ತಲು ಬರುವವರು ಈ ಕ್ರಮಕ್ಕೆ ಕೈ ಹಾಕಬಹುದು.

ಮೊದಲು ಮಣ್ಣು. ಕಬ್ಬಿಣದಂಶವಿರುವ, ಮರಳಿಲ್ಲದ ನುಣುಪಾದ ಸ್ಟೋನ್‌ವೇರ್ ಮಣ್ಣು, ಅಂದರೆ ಹೆಚ್ಚು ಶಾಖದಲ್ಲಿ ಗಟ್ಟಿಯಾಗಿ ಬೇಯುವ ಮಣ್ಣು ಬೇಕು. ಮಡಕೆಯ ಮಣ್ಣು ಕಡಿಮೆ ಶಾಖದಲ್ಲಿ ಬೆಂದು ನೀರು ಒಸರುತ್ತದೆ. ಹೂಜಿಗೆ ಆ ಗುಣ ಒಳ್ಳೆಯದು, ಟೀಪಾಟ್‌ಗೆ ಬೇಡ.

ಗುಳ್ಳೆ ಉಳಿಯದಂತೆ ಮಿದಿದ ದೊಡ್ಡ ಮುದ್ದೆಯನ್ನು ತಿಗುರಿಯ ನಡುವೆ ಕೂರಿಸಿ, ಅದರ ತುದಿಯಿಂದಲೇ ಒಡಲು, ಮುಚ್ಚಳ, ಮೂತಿ, ಹಿಡಿ ನಾಲ್ಕನ್ನೂ ಒಂದಾದ ಮೇಲೊಂದು ಎತ್ತಿ ದಾರದಿಂದ ಕೊಯ್ದುಕೊಳ್ಳಿ. ಎಲ್ಲವೂ ಒಂದೇ ಮಣ್ಣು, ಒಂದೇ ತೇವ ಆಗಿರಬೇಕು. ಒಣಗಿ ಬೇಯುವ ಹೊತ್ತಿಗೆ ಮಣ್ಣು ಸುಮಾರು ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ತೇವ ಬೇರೆಬೇರೆಯಾದರೆ ಬೆಸುಗೆಯ ಜಾಗದಲ್ಲೇ ಸೀಳುತ್ತದೆ. 250 ಮಿಲಿಲೀಟರ್ ಹಿಡಿಯುವಷ್ಟು ಒಡಲು ಸಾಕು. ಬಾಯಿಯ ಅಳತೆಯನ್ನು ಕ್ಯಾಲಿಪರ್‌ನಲ್ಲಿ ಹಿಡಿದು ಮುಚ್ಚಳ ಮಾಡಿ. ಹಿಡಿ ಟೊಳ್ಳಾಗಿದ್ದು ಅದರ ಹೊರತುದಿ ತೆರೆದಿರಲಿ, ಒಳಗಿನ ಗಾಳಿಗೆ ದಾರಿ ಬೇಕು.

ಬೆರಳು ಒತ್ತಿದರೆ ತಗ್ಗು ಬೀಳಬಾರದು, ಚಾಕು ಮಾತ್ರ ಸಲೀಸಾಗಿ ಓಡಬೇಕು. ಆ ಹದಕ್ಕೆ ಬಂದಾಗ ತಳವನ್ನೂ ಮುಚ್ಚಳವನ್ನೂ ಹೆರೆದು ತೆಳುಮಾಡಿ.

ಇನ್ನು ಚಹಾದ ಎಲೆ ತಡೆಯುವ ಜಾಲರಿ. ನನ್ನ ಕೇಳಿದರೆ ಕ್ಯೂಸುವಿನ ನಿಜವಾದ ಕಸುಬು ಇರುವುದು ಇಲ್ಲೇ. ಅಂಗಡಿಯ ಅಗ್ಗದ ಮಾಲಿನಲ್ಲಿ ಸ್ಟೀಲ್ ಜಾಲರಿ ಇರುತ್ತದೆ. ಕೈಕೆಲಸದವರು ಅದೇ ಮಣ್ಣಿನ ತೆಳು ಚಿಪ್ಪು ಮಾಡಿ, ಸಣ್ಣ ಸಣ್ಣ ತೂತು ಚುಚ್ಚಿ, ಮೂತಿಯ ಬುಡಕ್ಕೆ ಒಳಗಿನಿಂದ ಕೂರಿಸುತ್ತಾರೆ. ಮಣ್ಣು ತೀರ ಹಸಿ ಇದ್ದಾಗ ಚುಚ್ಚಿದರೆ ತೂತಿನ ಅಂಚಿನಲ್ಲಿ ಮುಳ್ಳು ಏಳುತ್ತದೆ, ಅದಕ್ಕೇ ಎಲೆ ಸಿಕ್ಕಿಕೊಳ್ಳುವುದು. ಎಲ್ಲ ತೂತುಗಳ ಒಟ್ಟು ಜಾಗ ಮೂತಿಯ ಕೊರಳಿಗಿಂತ ಹೆಚ್ಚಿರಬೇಕು, ಇಲ್ಲವಾದರೆ ಚಹಾ ಒಳಗೇ ತಡವರಿಸುತ್ತದೆ. ಪಾಟ್‌ನ ಒಳಬದಿಗೆ ಉಬ್ಬಿದ ಚಿಪ್ಪಾದರೆ ಹೆಚ್ಚು ತೂತು ಹಿಡಿಯುತ್ತದೆ.

ಜೋಡಿಸುವ ಎರಡೂ ಬದಿಗೆ ಗೀರು ಹಾಕಿ, ಅದೇ ಮಣ್ಣಿನ ರಾಡಿ ಬಳಿದು, ಒತ್ತಿ ಹಿಡಿಯಿರಿ. ಮೂತಿ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ತುದಿ ಪಾಟ್‌ನ ಬಾಯಿಗಿಂತ ಕೆಳಗಿದ್ದರೆ ತುಂಬುವ ಮೊದಲೇ ನೀರು ಹೊರಗೆ. ತುದಿಯ ಅಂಚನ್ನು ಉರುಟು ಮಾಡಬೇಡಿ, ಚೂಪಾಗಿಯೇ ಬಿಡಿ. ಬಗ್ಗಿಸಿ ನಿಲ್ಲಿಸಿದಾಗ ಹನಿ ಕಡಿದು ಬೀಳಬೇಕು, ಗದ್ದಕ್ಕೆ ಇಳಿಯಬಾರದು. ತಿಗುರಿಯಲ್ಲಿ ಎತ್ತಿದ ಮೂತಿ ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ಇನ್ನಷ್ಟು ತಿರುಚಿಕೊಳ್ಳುವುದರಿಂದ ಅನುಭವಿಗಳು ತುದಿಯನ್ನು ತುಸು ಓರೆಯಾಗಿ ಕೊಯ್ದಿಡುತ್ತಾರೆ.

ಹಿಡಿಗೂ ಮೂತಿಗೂ ನಡುವೆ 90 ಡಿಗ್ರಿಗಿಂತ ಸ್ವಲ್ಪ ಕಡಿಮೆ ಕೋನ. ಹಿಡಿ ನಿಮ್ಮ ಕಡೆ ಇದ್ದರೆ ಮೂತಿ ಎಡಕ್ಕೆ. ಆಗ ಬಲಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಅದುಮಿ, ಮಣಿಕಟ್ಟು ಹೊರಳಿಸಿದರೆ ಸಾಕು. ಮೊಣಕೈ ಎತ್ತುವ ಕೆಲಸವಿಲ್ಲ. ಎಡಚರಿಗೆ ಇದೇ ಅದಲು ಬದಲು. ಮುಚ್ಚಳಕ್ಕೊಂದು ಗಾಳಿತೂತು ಮರೆಯದಿರಿ.

ಪ್ಲಾಸ್ಟಿಕ್ ಹೊದಿಸಿ ನಿಧಾನ ಒಣಗಿಸಿ. ಹಿಡಿ ಮತ್ತು ಮೂತಿ ಬೇಗ ಒಣಗುವುದರಿಂದ ಅವನ್ನು ಇನ್ನಷ್ಟು ಸುತ್ತಿಡಬೇಕು.

ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ ಇಲ್ಲದ್ದರಿಂದ ಮುಚ್ಚಳ ಅಂಟುವ ಭಯವಿಲ್ಲ, ಹಾಕಿಯೇ ಸುಡಿ. ಸೊಟ್ಟಗಾದರೆ ಎರಡೂ ಜೊತೆಗೇ ಸೊಟ್ಟಗಾಗುತ್ತವೆ. ಮೊದಲ ಗಂಟೆಗಳಲ್ಲಿ ಶಾಖ ನಿಧಾನ ಏರಲಿ. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸ್ಫಟಿಕ ಶಿಲೆ ಹಠಾತ್ತನೆ ಹಿಗ್ಗುತ್ತದೆ, ಅಲ್ಲೂ ಅವಸರ ಬೇಡ. ತೊಕೊನಮೆಯ ಕೆಂಪು ಮಣ್ಣಿಗೆ ಸುಮಾರು 1100ರಿಂದ 1200 ಡಿಗ್ರಿ. ನಿಮ್ಮ ಮಣ್ಣಿನ ಚೀಲದ ಮೇಲೆ ಬರೆದಿರುವುದನ್ನೇ ಪಾಲಿಸಿ. ಅಲ್ಲಿಯ ಕಪ್ಪು ಕ್ಯೂಸುಗಳು ಬೇರೆ ಮಣ್ಣಿನವಲ್ಲ. ಕೆಂಪಾಗಿ ಬೆಂದದ್ದನ್ನು ಭತ್ತದ ಹೊಟ್ಟಿನ ನಡುವೆ ಹುದುಗಿಸಿ ಮತ್ತೆ ಸುಟ್ಟು ಕಪ್ಪಾಗಿಸುತ್ತಾರೆ.

ಆವಿಗೆಯಿಂದ ತೆಗೆದ ಮೇಲೂ ಕೆಲಸವಿದೆ. ಉಜ್ಜುವ ನುಣುಪು ಪುಡಿಯನ್ನು ನೀರಿನಲ್ಲಿ ಕಲಸಿ, ಬಾಯಿಯ ಅಂಚಿಗೆ ಹಚ್ಚಿ, ಮುಚ್ಚಳವನ್ನು ಅದರ ಮೇಲೇ ತಿರುಗಿಸುತ್ತ ತಿಕ್ಕಬೇಕು. ಹಾಗಾಗಿ ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಚೆನ್ನಾಗಿ ತೊಳೆದು, ನೀರು ತುಂಬಿ ಬಗ್ಗಿಸುತ್ತಿರುವಾಗಲೇ ಗಾಳಿತೂತನ್ನು ಬೆರಳಿನಿಂದ ಮುಚ್ಚಿ. ಧಾರೆ ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ. ಹರಿಯುತ್ತಲೇ ಇದ್ದರೆ ಇನ್ನಷ್ಟು ತಿಕ್ಕಿ.

ಇದರಲ್ಲಿ ಸೆಂಚಾ ಎಂಬ ಜಪಾನಿ ಹಸಿರು ಚಹಾ ಹಾಕುವುದಾದರೆ ನೀರು ಕುದಿಯುತ್ತಿರಬಾರದು, 70ರಿಂದ 80 ಡಿಗ್ರಿ ಸಾಕು. ಬಳಸಿದ ಮೇಲೆ ಬರೀ ನೀರಿನಲ್ಲಿ ತೊಳೆದು, ಮುಚ್ಚಳ ತೆಗೆದು ಒಣಗಲು ಬಿಡಿ; ಸೋಪಿನ ವಾಸನೆ ಮಣ್ಣಿಗೆ ಹತ್ತುತ್ತದೆ. ಒಲೆಯ ಮೇಲಂತೂ ಇಡಲೇಬೇಡಿ. ಹಾಲು ಹಾಕಿದ ನಮ್ಮ ಖಡಕ್ ಚಹಾಕ್ಕೆ ಸ್ಟೀಲ್ ಪಾತ್ರೆಯೇ ಸರಿ.