₹48ರ ಟೈಲ್ಸ್, ₹138ರ ನೆಲ

ಮನೆ ಕಟ್ಟುವಾಗ ನೆಲದ ಸರದಿ ಬರುವಷ್ಟರಲ್ಲಿ ದುಡ್ಡು ತಳ ಕಂಡಿರುತ್ತದೆ. ಬ್ಯಾಂಕಿನವರು ಸಾಲವನ್ನು ಪಾಯ, ಲಿಂಟಲ್, ಮೋಲ್ಡ್ ಅಂತ ಹಂತಹಂತವಾಗಿ ಬಿಡುತ್ತಾರೆ. ನೆಲ, ಪೇಂಟು ಎಲ್ಲ ಕಡೆಗೆ. ಅಷ್ಟು ಹೊತ್ತಿಗೆ ಉಳಿದಿದ್ದರಲ್ಲಿ ಏನು ಬರುತ್ತೋ ಅದನ್ನು ಹಾಕಿಸಿ ಗೃಹಪ್ರವೇಶ ಮುಗಿಸಿಬಿಡೋಣ ಅನ್ನುವವರೇ ಜಾಸ್ತಿ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುವವಳು. ಕೊನೆಗೆ ಬರುವ ಖರ್ಚನ್ನು ಮೊದಲೇ ಎತ್ತಿಡುವುದು ನನಗೆ ಅಭ್ಯಾಸ. ಗೋಡೆ ಏಳುವ ಮೊದಲೇ ನೆಲಕ್ಕೆ ಅಂತ ಪುಸ್ತಕದಲ್ಲಿ ಬೇರೆ ಪುಟ ತೆರೆದಿದ್ದೆ.

ಕಡೂರು ರಸ್ತೆ ಕಡೆ ನಮ್ಮದು 30-40 ಸೈಟು, ಹತ್ತು ಚದರದ, ಅಂದರೆ ಸಾವಿರ ಚದರಡಿಯ ಮನೆ. ಗೋಡೆ ಕಳೆದು ಕಾಲಿಡುವ ನೆಲ 860 ಚದರಡಿ. ಅದರಲ್ಲಿ ಹಾಲು, ಎರಡು ರೂಮು, ಅಡುಗೆಮನೆ, ದೇವರಮನೆ, ಓಡಾಡುವ ಜಾಗ ಸೇರಿ 700. ಉಳಿದದ್ದು ಎರಡು ಬಾತ್‌ರೂಮು, ಯುಟಿಲಿಟಿ, ಸಿಟ್‌ಔಟ್. ಈ 700ರ ಲೆಕ್ಕವನ್ನೇ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಅಂಗಡಿಯಲ್ಲಿ ಎರಡಡಿ-ಎರಡಡಿ ವಿಟ್ರಿಫೈಡ್ ಟೈಲ್ಸ್‌ಗೆ ಚದರಡಿಗೆ ₹48 ಅಂದರು. 700ನ್ನು 48ರಿಂದ ಗುಣಿಸಿದರೆ ₹33,600. ನನ್ನ ಯಜಮಾನರು ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಪರವಾಗಿಲ್ಲ ಕಣೇ, ಬಜೆಟ್ಟಿಗೆ ಬರುತ್ತೆ" ಅಂದರು. ಆದರೆ ಆ 48ಕ್ಕೆ ಜಿಎಸ್‌ಟಿ ಸೇರಿರಲಿಲ್ಲ. ಟೈಲ್ಸ್‌ಗೆ 18 ಪರ್ಸೆಂಟ್. ಅಲ್ಲಿಗೆ ₹56.64 ಆಯಿತು.

ಆಮೇಲೆ ಸ್ಕರ್ಟಿಂಗ್. ಗೋಡೆಯ ಬುಡಕ್ಕೆ ಹಾಕುವ ನಾಲ್ಕಿಂಚಿನ ಪಟ್ಟಿ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಹತ್ತಡಿ-ಹನ್ನೆರಡಡಿ ರೂಮು ತಗೊಳ್ಳಿ. ಸುತ್ತಳತೆ 44 ಅಡಿ, ಬಾಗಿಲಿಗೆ ಮೂರಡಿ ಕಳೆದರೆ 41. ನಾಲ್ಕಿಂಚು ಅಂದರೆ ಅಡಿಯ ಮೂರನೇ ಒಂದು ಭಾಗ, ಹಾಗಾಗಿ ಹೆಚ್ಚುಕಡಿಮೆ 14 ಚದರಡಿ. 120 ಚದರಡಿ ರೂಮಿಗೆ ಇನ್ನೂ 14 ಸೇರಿತು. ನಮ್ಮ ಇಡೀ ಮನೆಗೆ ಸ್ಕರ್ಟಿಂಗ್ 195 ಅಡಿ ಉದ್ದ ಬಂತು, ಅಂದರೆ 65 ಚದರಡಿ. ಒಟ್ಟು 765. ಕಟಿಂಗಿನಲ್ಲಿ, ಒಡೆಯುವುದರಲ್ಲಿ ಹೋಗುವುದಕ್ಕೆ 7 ಪರ್ಸೆಂಟ್ ಹಿಡಿದೆ. ನೇರ ಸಾಲಿಗೆ ಅಷ್ಟು ಸಾಕು. ಓರೆಯಾಗಿ ಹಾಕಿಸುವವರು ಹತ್ತಕ್ಕಿಂತ ಕಡಿಮೆ ಹಿಡಿಯಬೇಡಿ.

ಬಾಕ್ಸಿನಲ್ಲಿ ನಾಲ್ಕು ಟೈಲ್ಸ್, 15.5 ಚದರಡಿ. 53 ಬಾಕ್ಸ್ ಬೇಕಿತ್ತು. ಮುಂದೆ ಯಾವಾಗಲಾದರೂ ಒಂದು ಒಡೆದರೆ ಇರಲಿ ಅಂತ ಎರಡು ಜಾಸ್ತಿ ತಗೊಂಡು 55 ಮಾಡಿದೆ. ಬಿಲ್ಲು ₹48,300ರ ಹತ್ತಿರ ಬಂತು. ಅಂಗಡಿಯಲ್ಲಿ ನಿಂತು ಹಾಕಿದ ಲೆಕ್ಕಕ್ಕೂ ಬಿಲ್ಲಿಗೂ ಸುಮಾರು ಹದಿನೈದು ಸಾವಿರ ವ್ಯತ್ಯಾಸ. ಇನ್ನೂ ಒಂದು ಟೈಲ್ಸೂ ನೆಲಕ್ಕೆ ಕೂತಿಲ್ಲ.

ಕೂರಿಸಲು ಕೆಳಗೆ ಗಾರೆ ಬೇಕಲ್ವಾ? ಅದರ ಖರ್ಚು ನೆಲ ಎಷ್ಟು ಮಟ್ಟವಾಗಿದೆ ಅನ್ನುವುದರ ಮೇಲೆ ನಿಂತಿದೆ. ಟೈಲ್ಸ್ ಆರಿಸುವ ಮೊದಲೇ ಮೇಸ್ತ್ರಿಯನ್ನು ಕರೆದು ಮಟ್ಟ ನೋಡಿಸಿದೆ. ಅವರು ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಇಲ್ಲದ ಹಾಗೆ ತಟ್ಟಿ ತಟ್ಟಿ ಬಿಟ್ಟರು. ಒಂದು ತುದಿ ಅಡುಗೆಮನೆ ಮೂಲೆಯಲ್ಲಿ, ಇನ್ನೊಂದು ತುದಿ ಹುಡುಗನ ಕೈಲಿ ಹಾಲಿನ ಮೂಲೆಯಲ್ಲಿ. ನೀರು ಅಲ್ಲಾಡುವುದು ನಿಂತ ಮೇಲೆ ಎರಡೂ ಕಡೆ ಗೋಡೆಗೆ ಪೆನ್ಸಿಲ್ ಗೆರೆ ಎಳೆದರು. ಗೆರೆಯಿಂದ ಕೆಳಗೆ ಟೇಪು ಬಿಟ್ಟರೆ ಅಡುಗೆಮನೆಯಲ್ಲಿ 38 ಇಂಚು, ಹಾಲಿನ ಹೊರಮೂಲೆಯಲ್ಲಿ 39 ಕಾಲು. "ಅಕ್ಕಾ, ಹಾಲಲ್ಲಿ ಒಂದಿಂಚು ಹೆಚ್ಚಿಗೆ ತುಂಬಿಸ್ಬೇಕಾಗುತ್ತೆ" ಅಂದರು. ನಾನು ಬರೆದುಕೊಂಡೆ.

ಎರಡಿಂಚು ದಪ್ಪದ ಗಾರೆ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಎಂ-ಸ್ಯಾಂಡ್ ಅಂತ ಹಿಡಿದರೆ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಎರಡೂವರೆ ಚೀಲ ಸಿಮೆಂಟ್ ಬೇಕು. ಅದರ ಮೇಲೆ ಸುರಿಯುವ, ನೀರಾಗಿ ಕಲಸಿದ ಸಿಮೆಂಟಿಗೆ ಇನ್ನರ್ಧ ಚೀಲ. ಏಳು ಚದರಕ್ಕೆ 21 ಚೀಲ. ಹಾಲಿನ ಹೆಚ್ಚುವರಿ ಇಂಚಿಗೆ ಇನ್ನೂ ನಾಲ್ಕು. ಒಟ್ಟು 25 ಚೀಲ, ಚೀಲಕ್ಕೆ ₹380ರಂತೆ ₹9,500. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ನಾವು ತಗೊಂಡದ್ದು ಅದಾದ ಮೇಲೆ, ಅಷ್ಟರ ಮಟ್ಟಿಗೆ ನಮ್ಮ ಪುಣ್ಯ. ಎಂ-ಸ್ಯಾಂಡ್ ಏಳೂವರೆ ಟನ್ ಹೋಯಿತು, ₹9,000.

ಕೂಲಿ ಚದರಡಿಗೆ ₹28, ಸ್ಕರ್ಟಿಂಗ್‌ಗೆ ಅಡಿಗೆ ₹20. ಎರಡೂ ಸೇರಿ ₹23,500. ಸ್ಕರ್ಟಿಂಗ್ ಕೂಲಿ ಬೇರೆ ಅನ್ನುವುದನ್ನು ಮೇಸ್ತ್ರಿಗಳು ಕೇಳದೆ ಹೇಳುವುದಿಲ್ಲ, ಮೊದಲೇ ಕೇಳಿ ಬರೆಸಿಕೊಳ್ಳಿ. ಗಾಡಿ ಬಾಡಿಗೆ, ಹಮಾಲಿ ₹4,000. ಜಾಯಿಂಟ್ ತುಂಬುವ ಗ್ರೌಟ್, ಸ್ಪೇಸರ್, ಚಿಲ್ಲರೆ ₹2,500. ಎಲ್ಲ ಕೂಡಿಸಿದರೆ ₹96,800. 700ರಿಂದ ಭಾಗಿಸಿ ನೋಡಿ, ಚದರಡಿಗೆ ₹138. ಟೈಲ್ಸ್ ಬಿಲ್ಲು ಅದರ ಅರ್ಧ ಮಾತ್ರ. ಈಗ ಯಾರಾದರೂ ನನ್ನನ್ನು ಕೇಳಿದರೆ, ಕೈಯಲ್ಲಿರುವ ದುಡ್ಡನ್ನು ಅರ್ಧ ಮಾಡಿಕೊಂಡು ಟೈಲ್ಸ್ ಅಂಗಡಿಗೆ ಹೋಗಿ ಅನ್ನುತ್ತೇನೆ.

ಟೈಲ್ಸ್ ಆರಿಸುವುದರಲ್ಲಿ ನಮ್ಮತ್ತೆಯದೇ ಕೊನೆ ಮಾತು. ಅವರಿಗೆ ಮೂಡಿಗೆರೆ ಕಡೆಯ ತವರುಮನೆಯಲ್ಲಿದ್ದಂಥ ಕೆಂಪು ಗಾರೆ ನೆಲ ಬೇಕಿತ್ತು. ವಿಚಾರಿಸಿದೆ. ಸಾಮಾನಿಗೆ ದುಡ್ಡು ಕಡಿಮೆ, ಕೈಕೆಲಸಕ್ಕೆ ಜಾಸ್ತಿ. ಒಂದು ರೂಮನ್ನು ಒಂದೇ ಏಟಿಗೆ ಕರಣೆಯಲ್ಲಿ ಉಜ್ಜಿ ಮುಗಿಸಬೇಕು, ಆಮೇಲೆ ವಾರಗಟ್ಟಲೆ ನೀರು ಕಟ್ಟಬೇಕು. ಆ ಕೈ ಪಳಗಿದವರು ದಿನಗೂಲಿಗೆ ಬರುತ್ತಾರೆ, ಎಷ್ಟು ದಿನ ಅಂತ ಮಾತು ಕೊಡುವುದಿಲ್ಲ. ಮೇಲಿನ ಮಿತಿ ಗೊತ್ತಿಲ್ಲದ ಖರ್ಚನ್ನು ನಾನು ಪುಸ್ತಕಕ್ಕೆ ಸೇರಿಸುವುದಿಲ್ಲ. ಬಿಟ್ಟೆ. ಅತ್ತೆ ಒಪ್ಪಿದರು, ಆದರೆ ಹೊಳೆಯುವ ಟೈಲ್ಸ್ ತೋರಿಸಿದಾಗ ಅಡ್ಡ ನಿಂತರು. "ನಂಗೆ ಕನ್ನಡಿ ಥರದ್ದು ಬೇಡ ಕಣೇ. ಜಾರಿ ಬಿದ್ರೆ ಮಾಡೋರ್ಯಾರು?" ಅವರ ಮಾತು ನಿಜ. ಮಳೆಗಾಲದಲ್ಲಿ ನಮ್ಮೂರ ಗಾಳಿಯೇ ಒದ್ದೆ. ತಣ್ಣಗಿನ ನೆಲಕ್ಕೆ ಆ ತೇವ ತಾಗಿ ಟೈಲ್ಸ್ ಬೆವರುತ್ತದೆ, ಹೊಳಪಿನದಾದರೆ ಕಾಲು ನಿಲ್ಲುವುದಿಲ್ಲ. ಅಂಗಡಿಯಿಂದ ಎರಡು ಸ್ಯಾಂಪಲ್ ತಂದು, ನೀರು ಚಿಮುಕಿಸಿ, ಚಪ್ಪಲಿಯ ಕೆಂಪು ಮಣ್ಣು ಮೆತ್ತಿ ನೋಡಿದೆವು. ಹೊಳಪಿಲ್ಲದ ಮ್ಯಾಟ್‌ನಲ್ಲಿ ಮಣ್ಣು ಸ್ವಲ್ಪ ಹಿಡಿಯುತ್ತದೆ, ಒರೆಸಲು ಕೈ ಒತ್ತಬೇಕು. ಅದು ಪರವಾಗಿಲ್ಲ ಅಂತ ಮ್ಯಾಟ್ ತಗೊಂಡೆವು. ಬೆಲೆ ಒಂದೇ ಇತ್ತು.

ಬಾತ್‌ರೂಮಿನದು ಬೇರೆಯೇ ಪುಟ. ಏಳಡಿ-ಐದಡಿ ಬಾತ್‌ರೂಮಿಗೆ ನೆಲ 35 ಚದರಡಿ, ಏಳಡಿ ಎತ್ತರಕ್ಕೆ ಗೋಡೆ, ಬಾಗಿಲು ಕಳೆದು, 150. ನೆಲದ ನಾಲ್ಕು ಪಟ್ಟು ಗೋಡೆಗೇ ಹೋಗುತ್ತದೆ. ಅಲ್ಲಿ ಸಾದಾ ಸೆರಾಮಿಕ್ ಹಾಕಿಸಿ ಉಳಿಸಿದೆ. ವಾಟರ್‌ಪ್ರೂಫಿಂಗ್‌ನಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಸಲು ಹೋಗಲಿಲ್ಲ.

ಕೆಲಸದ ಸಮಯವೂ ದುಡ್ಡೇ. ಕಾಫಿ ಕೊಯ್ಲು ಶುರುವಾದರೆ ಹೆಲ್ಪರ್‌ಗಳು ಎಸ್ಟೇಟಿಗೆ ಹೋಗುತ್ತಾರೆ, ನನಗೂ ಕ್ಯೂರಿಂಗ್‌ನಲ್ಲಿ ರಜೆ ಸಿಗುವುದಿಲ್ಲ. ಮಳೆ ನಿಂತು ದೀಪಾವಳಿ ಆದ ತಕ್ಷಣ ಹಿಡಿಸಿದೆವು. ಹಾಕುವಾಗ ನಾನು ಹಟ ಹಿಡಿದದ್ದು ಒಂದಕ್ಕೆ. ಟೈಲ್ಸ್ ಹಿಂದೆ ನಾಲ್ಕು ಮೂಲೆ, ಒಂದು ನಡು ಅಂತ ಐದು ಮುದ್ದೆ ಗಾರೆ ಇಟ್ಟು ಕೂರಿಸಬಾರದು, ಪೂರ್ತಿ ಬೆನ್ನಿಗೆ ನೀರಾಗಿ ಕಲಸಿದ ಸಿಮೆಂಟ್ ಸಿಗಬೇಕು. ವಿಟ್ರಿಫೈಡ್ ನೀರು ಹೀರುವುದೇ ಅರ್ಧ ಪರ್ಸೆಂಟಿಗಿಂತ ಕಡಿಮೆ. ಗಾರೆಯನ್ನು ಅದು ಸುಲಭಕ್ಕೆ ಹಿಡಿಯುವುದಿಲ್ಲ. ಟೈಲ್ಸ್ ಅಂಟಿಸುವ ಅಡ್ಹೆಸಿವ್ ಹಾಕಿಸಿದರೆ ಇನ್ನೂ ಒಳ್ಳೆಯದು. 20 ಕೆಜಿ ಚೀಲ ನಲವತ್ತರಿಂದ ಐವತ್ತು ಚದರಡಿಗೆ ಬರುತ್ತದೆ. ನಮಗೆ ಬಜೆಟ್ ಇರಲಿಲ್ಲ, ಬಾತ್‌ರೂಮ್ ಗೋಡೆಗೆ ಮಾತ್ರ ಬಳಸಿದೆವು.

ಕೂಲಿಯಲ್ಲಿ ಹತ್ತರಲ್ಲಿ ಒಂದು ಪಾಲು ಕೊನೆಗೆ ಕೊಡುತ್ತೇನೆ ಅಂತ ಮೊದಲೇ ಮಾತಾಗಿತ್ತು. ಗಾರೆ ಒಣಗಿದ ಮೇಲೆ ಐದು ರೂಪಾಯಿ ನಾಣ್ಯ ಹಿಡಿದು ಒಂದೊಂದೇ ಟೈಲ್ಸ್ ತಟ್ಟಿಕೊಂಡು ಹೋದೆ. ಕೂತಿದ್ದು ಗಟ್ಟಿ ಸದ್ದು ಕೊಡುತ್ತದೆ, ಕೆಳಗೆ ಟೊಳ್ಳಿದ್ದರೆ ಡಬ್ ಡಬ್ ಅನ್ನುತ್ತದೆ. ಹಾಲಿನಲ್ಲಿ ಎರಡು, ರೂಮಿನ ಬಾಗಿಲ ಹತ್ತಿರ ಒಂದು ಡಬ್ ಅಂದವು. ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಮೇಸ್ತ್ರಿ ಮುಖ ಸಪ್ಪೆ ಮಾಡಿಕೊಂಡರೂ ಮೂರನ್ನೂ ಎಬ್ಬಿಸಿ ಮತ್ತೆ ಕೂರಿಸಿಕೊಟ್ಟರು, ಬಾಕಿ ದುಡ್ಡು ಅವತ್ತೇ ಕೊಟ್ಟೆ. ಉಳಿದ ಬಾಕ್ಸುಗಳು ಅಟ್ಟದ ಮೇಲಿವೆ. ಬಾಕ್ಸಿನ ಮೇಲಿದ್ದ ಬ್ಯಾಚ್ ನಂಬರು, ಶೇಡ್ ನಂಬರು ಎರಡನ್ನೂ ಅದೇ ಪುಟದ ಕೆಳಗೆ ಬರೆದಿಟ್ಟಿದ್ದೇನೆ. ಸಿಟ್‌ಔಟಿಗೆ ಇನ್ನೂ ಬರೀ ಸಿಮೆಂಟ್ ನೆಲ. ಅಲ್ಲಿಗೆ ಒರಟು ಮೈಯ ಗ್ರಾನೈಟ್ ಅಂತ ತೀರ್ಮಾನವಾಗಿದೆ, ಬೋನಸ್ ಬಂದ ಮೇಲೆ.