ಮೈಎಸ್‌ಕ್ಯೂಎಲ್ 8.0ಕ್ಕೆ ಬಂದ ಮೇಲೆ 1436 ದೋಷ: ಮೊದಲು ಹಳೆಯ ಕಾನ್ಫಿಗ್ ಫೈಲನ್ನು ನೋಡಿ

ದಾವಣಗೆರೆ ಎಪಿಎಂಸಿಯ ದಲಾಲಿ ಮಂಡಿಯೊಂದರ ಲೆಕ್ಕದ ತಂತ್ರಾಂಶವನ್ನು ಮೈಎಸ್‌ಕ್ಯೂಎಲ್ ಡೇಟಾಬೇಸಿನ 5.7 ಆವೃತ್ತಿಯಿಂದ 8.0ಕ್ಕೆ ಸಾಗಿಸಿದ್ದೀರಿ ಎಂದಿಟ್ಟುಕೊಳ್ಳೋಣ. ಲಾಗಿನ್ ಆಗುತ್ತದೆ, ರೈತರ ಪಟ್ಟಿ ತೆರೆಯುತ್ತದೆ, ಹಳೆಯ ಬಿಲ್ಲುಗಳೆಲ್ಲ ಕಾಣುತ್ತವೆ. ಆದರೆ ಮೆಕ್ಕೆಜೋಳದ ತೂಕದ ಚೀಟಿಯನ್ನು ಸೇವ್ ಮಾಡಿದೊಡನೆ 1436 ಸಂಖ್ಯೆಯ ‘ಥ್ರೆಡ್ ಸ್ಟ್ಯಾಕ್ ಓವರ್‌ರನ್’ ದೋಷ ಎದುರಾಗುತ್ತದೆ. ಇದರರ್ಥ ಡೇಟಾ ಕೆಟ್ಟಿದೆ ಎಂದಲ್ಲ. ಚೀಟಿ ಸೇವ್ ಆಗುವಾಗ ಟ್ರಿಗರ್ (ದಾಖಲೆ ಸೇರಿದಾಗ ತಾನಾಗಿ ನಡೆಯುವ ಕೋಡು) ಓಡುತ್ತದೆ, ಅದು ಹಮಾಲಿ ಮತ್ತು ಕಮಿಷನ್ ಲೆಕ್ಕದ ಪ್ರೊಸೀಜರನ್ನು (ಡೇಟಾಬೇಸಿನಲ್ಲೇ ಉಳಿಸಿಟ್ಟ ಕೋಡು) ಕರೆಯುತ್ತದೆ, ಆ ಪ್ರೊಸೀಜರು ಮತ್ತೊಂದು ಫಂಕ್ಷನನ್ನು ಕರೆಯುತ್ತದೆ. ಹೀಗೆ ಒಂದರೊಳಗೊಂದು ಕರೆಗಳು ಸೇರಿದಾಗ ಆ ಸಂಪರ್ಕಕ್ಕೆ ಮೀಸಲಾದ ಸ್ಟ್ಯಾಕ್ ಮೆಮೊರಿ (ನಡೆಯುತ್ತಿರುವ ಕರೆಗಳ ವಿವರ ಇಡುವ ಜಾಗ) ಸಾಲದೆ ಹೋಗುತ್ತದೆ.

ದೋಷದ ಸಂದೇಶದಲ್ಲಿ ಮೂರು ಅಂಕಿಗಳಿರುತ್ತವೆ: ಈಗಾಗಲೇ ಬಳಕೆಯಾದ ಬೈಟ್‌ಗಳು, ಸ್ಟ್ಯಾಕಿನ ಒಟ್ಟು ಗಾತ್ರ, ಇನ್ನೂ ಬೇಕಾದ ಬೈಟ್‌ಗಳು. ನಡುವಿನ ಅಂಕಿಯೇ ಮುಖ್ಯ. ಅದು 196608 ಆಗಿದ್ದರೆ ನಿಮ್ಮ ಸರ್ವರ್ 192 ಕೆಬಿ ಸ್ಟ್ಯಾಕಿನಲ್ಲಿ ಓಡುತ್ತಿದೆ. 64 ಬಿಟ್ ಯಂತ್ರಗಳಲ್ಲಿ 5.7ರ ಪೂರ್ವನಿಗದಿತ ಗಾತ್ರವೇ 256 ಕೆಬಿ, 8.0ರಲ್ಲಿ ಅದು 280 ಕೆಬಿ ಆಗಿ, 8.0.27ರಿಂದ 1 ಎಂಬಿಗೆ ಏರಿದೆ. ಹಾಗಾದರೆ 192 ಎಲ್ಲಿಂದ ಬಂತು? ಬಹುಪಾಲು ಹಳೆಯ ಕಾನ್ಫಿಗ್ ಫೈಲಿನಿಂದ, ಅಂದರೆ ಸರ್ವರಿನ ಸೆಟ್ಟಿಂಗ್ ಬರೆದಿಡುವ ಫೈಲಿನಿಂದ. ಡೆಬಿಯನ್, ಉಬುಂಟುಗಳ ಹಳೆಯ ಪ್ಯಾಕೇಜುಗಳು ಸ್ಟ್ಯಾಕ್ ಗಾತ್ರವನ್ನು 192 ಕೆಬಿಗೆ ನಿಗದಿಪಡಿಸುವ ‘ಥ್ರೆಡ್_ಸ್ಟ್ಯಾಕ್’ ಸಾಲನ್ನು ಅದರಲ್ಲಿ ಬರೆದೇ ಕೊಡುತ್ತಿದ್ದವು, ಸಾಗಿಸುವವರು ಆ ಫೈಲನ್ನು ಹಾಗೆಯೇ ನಕಲು ಮಾಡಿರುತ್ತಾರೆ. ಹೊಸ ಆವೃತ್ತಿಯನ್ನು ದೂರುವ ಮೊದಲು ಇದನ್ನು ಪರಿಶೀಲಿಸುವುದು ನ್ಯಾಯ.

ಸರ್ವರಿನಲ್ಲಿ ‘ಶೋ ವೇರಿಯಬಲ್ಸ್’ ಆದೇಶ ಕೊಟ್ಟು ‘ಥ್ರೆಡ್_ಸ್ಟ್ಯಾಕ್’ ಮೌಲ್ಯವನ್ನು ನೋಡಿ. ಅದು ಯಾವ ಫೈಲಿನಿಂದ ಬಂದಿದೆ ಎಂಬುದನ್ನು ಪರ್ಫಾರ್ಮೆನ್ಸ್ ಸ್ಕೀಮಾದ ‘ವೇರಿಯಬಲ್ಸ್_ಇನ್ಫೋ’ ಟೇಬಲ್ ದಾರಿಸಮೇತ ತಿಳಿಸುತ್ತದೆ. ಒಂದೇ ಯಂತ್ರದಲ್ಲಿ ನಾಲ್ಕಾರು ಕಾನ್ಫಿಗ್ ಫೈಲುಗಳಿರುವಾಗ ಇದರಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ. ವಿಂಡೋಸ್ ಯಂತ್ರವಾದರೆ ಫೈಲು ‘ಪ್ರೋಗ್ರಾಮ್‌ಡೇಟಾ’ ಎಂಬ ಮರೆಮಾಡಿದ ಫೋಲ್ಡರಿನೊಳಗೆ ಇರುವುದು ಸಾಮಾನ್ಯ.

ಬ್ಯಾಕಪ್ ತೆಗೆದುಕೊಂಡು ಆ ಸಾಲನ್ನು ಅಳಿಸಿಬಿಡಿ. ಊಹೆಯ ಮೇಲೆ ದೊಡ್ಡ ಅಂಕಿ ಬರೆಯುವುದಕ್ಕಿಂತ ಸರ್ವರಿನ ಪೂರ್ವನಿಗದಿತ ಮೌಲ್ಯಕ್ಕೆ ಬಿಡುವುದೇ ಲೇಸು. 8.0.26 ಅಥವಾ ಅದಕ್ಕೂ ಹಿಂದಿನದಾದರೆ ಮಾತ್ರ 1 ಎಂಬಿ ಎಂದು ನೀವೇ ಬರೆಯಬಹುದು. ಸರ್ವರ್ ಓಡುತ್ತಿರುವಾಗ ‘ಸೆಟ್ ಗ್ಲೋಬಲ್’ ಮೂಲಕ ಇದನ್ನು ಬದಲಿಸಲಾಗದು, ರೀಸ್ಟಾರ್ಟ್ ಮಾಡಲೇಬೇಕು; ಆದ್ದರಿಂದ ಹರಾಜಿನ ಹೊತ್ತನ್ನು ಬಿಟ್ಟು, ಮಂಡಿಯ ವ್ಯವಹಾರ ಮುಗಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿ. ಸ್ಟ್ಯಾಕ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕವಾದುದರಿಂದ, ಪೂರ್ವನಿಗದಿತ ಗರಿಷ್ಠ 151 ಸಂಪರ್ಕಗಳಿಗೆ ತಲಾ 1 ಎಂಬಿಯಂತೆ 151 ಎಂಬಿ ಆಗುತ್ತದೆ; ಅಂಗಡಿಯ ಸಾಧಾರಣ ಯಂತ್ರಕ್ಕೂ ಇದು ಹೊರೆಯಲ್ಲ.

ದೋಷ ಬಂದ ಅವಧಿಯ ಚೀಟಿಗಳನ್ನು ತಪ್ಪದೆ ತಾಳೆ ನೋಡಿ. ಈಗಿನ ಪೂರ್ವನಿಗದಿತ ಸಂಗ್ರಹ ವಿಧಾನವಾದ ಇನ್ನೋಡಿಬಿಯ ಟೇಬಲುಗಳಲ್ಲಿ ವಿಫಲವಾದ ಆದೇಶ ಪೂರ್ತಿಯಾಗಿ ರದ್ದಾಗುತ್ತದೆ. ಆದರೆ ಹಳೆಯ ತಂತ್ರಾಂಶಗಳಲ್ಲಿ ಉಳಿದುಕೊಂಡಿರಬಹುದಾದ ಮೈಐಎಸ್‌ಎಎಂ ಟೇಬಲುಗಳಲ್ಲಿ ರದ್ದಾಗುವ ವ್ಯವಸ್ಥೆಯೇ ಇಲ್ಲ. ಚೀಟಿ ದಾಖಲಾಗಿ ದಾಸ್ತಾನು ಮಾತ್ರ ಹಳೆಯದೇ ಆಗಿ ಉಳಿದಿರಬಹುದು.

1 ಎಂಬಿ ಇದ್ದೂ ದೋಷ ಮರುಕಳಿಸಿದರೆ ತೊಡಕು ಕೋಡಿನಲ್ಲಿದೆ ಎಂದೇ ತಿಳಿಯಬೇಕು. ಪ್ರೊಸೀಜರು ತನ್ನನ್ನೇ ತಾನು ಕರೆದುಕೊಳ್ಳಲು ಅನುವು ಮಾಡಿಕೊಡುವ ‘ಮ್ಯಾಕ್ಸ್_ಎಸ್‌ಪಿ_ರಿಕರ್ಷನ್_ಡೆಪ್ತ್’ ಮೂಲತಃ 0 ಆಗಿರುತ್ತದೆ. ಯಾರಾದರೂ ಅದನ್ನು ಏರಿಸಿದ್ದರೆ ಸ್ಟ್ಯಾಕಿನ ಬೇಡಿಕೆಯೂ ಏರುತ್ತದೆ. ತಂತ್ರಾಂಶವೇ ಹೆಣೆದ, ಆವರಣದೊಳಗೆ ಆವರಣ ತುಂಬಿದ ಕ್ವೆರಿಗಳೂ ಇದೇ ದೋಷವನ್ನು ತರುತ್ತವೆ.

ಲಿನಕ್ಸ್‌ನ ‘ಯುಲಿಮಿಟ್’ (ಪ್ರೋಗ್ರಾಮುಗಳಿಗೆ ಸಿಸ್ಟಮ್ ಹಾಕುವ ಮಿತಿ) ಹೆಚ್ಚಿಸಿ ಎಂದು ಯಾರಾದರೂ ಕೊಡುವ ಸಲಹೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಸಂಪರ್ಕದ ಥ್ರೆಡ್‌ಗಳ ಸ್ಟ್ಯಾಕ್ ಗಾತ್ರವನ್ನು ಮೈಎಸ್‌ಕ್ಯೂಎಲ್ ತಾನೇ ನಿಗದಿಪಡಿಸುತ್ತದೆ. ಆ ಸಲಹೆ ಹೊಂದುವುದು ಮತ್ತೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ. ಅಲ್ಲಿ ‘ಮ್ಯಾಕ್ಸ್_ಸ್ಟ್ಯಾಕ್_ಡೆಪ್ತ್’ 2 ಎಂಬಿ ಇರುತ್ತದೆ. ಅದನ್ನು ಏರಿಸುವಾಗ ಆಪರೇಟಿಂಗ್ ಸಿಸ್ಟಮ್ ಕೊಟ್ಟ ಮಿತಿಗಿಂತ ಸುಮಾರು 1 ಎಂಬಿ ಕೆಳಗೇ ನಿಲ್ಲಿಸಬೇಕು.