ಮೊಲದ ಮರಿಗೆ ಮೊದಲು ಹುಲ್ಲು, ಆಮೇಲೆ ಮುದ್ದು

ಮೊಲದ ಮರಿ ಸತ್ತುಹೋಯ್ತು ಅಂತ ಫೋನ್ ಬರುವುದು ಹೆಚ್ಚಾಗಿ ಅದನ್ನು ಮನೆಗೆ ತಂದ ಮೊದಲ ವಾರದಲ್ಲೇ. ಏನು ಕೊಟ್ರಿ ಎಂದು ಕೇಳಿದರೆ ಉತ್ತರ ಬದಲಾಗುವುದೇ ಇಲ್ಲ: ಹಸುವಿನ ಹಾಲು, ಕ್ಯಾರೆಟ್, ಒಂದು ತುಂಡು ಬ್ರೆಡ್. ಯಾರೂ ಬೇಕೆಂದು ಮಾಡಿದ್ದಲ್ಲ. ಪಾಪ, ಹಸಿದಿರಬೇಕು ಅಂತ ಕಾಳಜಿಯಿಂದಲೇ ಕೊಟ್ಟಿರುತ್ತಾರೆ. ಮೊಲದ ಮರಿಗೆ ಗಂಡಾಂತರ ಬರುವುದು ಹೊಟ್ಟೆಯಿಂದ. ಹಾಗಾಗಿ ಗೂಡು, ಸ್ನಾನ ಎಲ್ಲ ಇಲ್ಲಿ ಒಂದೆರಡು ಮಾತಲ್ಲಿ ಮುಗಿಯುತ್ತವೆ. ಹೊಟ್ಟೆಯ ವಿಷಯ ಮಾತ್ರ ಉದ್ದ.

1. ಮೊದಲು ವಯಸ್ಸು ತಿಳಿದುಕೊಳ್ಳಿ

"ಎರಡು ತಿಂಗಳ ಮರಿ ಸಾರ್" ಎಂದು ಮಾರುವವರು ಹೇಳಿದರೆ ಸುಮ್ನೆ ನಂಬಬೇಡಿ. ಸಂತೆಯಲ್ಲಿ, ರಸ್ತೆ ಬದಿಯ ಪಂಜರದಲ್ಲಿ ಸಿಗುವ ಎಷ್ಟೋ ಮರಿಗಳಿಗೆ 3-4 ವಾರ ಅಷ್ಟೇ ಆಗಿರುತ್ತದೆ. ಚಿಕ್ಕದಿದ್ದಷ್ಟೂ ಬೇಗ ಮಾರಾಟವಾಗುತ್ತದೆ, ಕಾರಣ ಇಷ್ಟೇ.

ಮರಿ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. 10-12 ದಿನಕ್ಕೆ ಕಣ್ಣು ಬಿಡುತ್ತದೆ. ಮೂರನೇ ವಾರದ ಹೊತ್ತಿಗೆ ಗೂಡಿನಿಂದ ಹೊರಗೆ ಬಂದು, ತಾಯಿ ತಿನ್ನುವ ಹುಲ್ಲನ್ನು ತಾನೂ ಕಚ್ಚಿ ನೋಡುತ್ತದೆ. ಆದರೂ ತಾಯಿ ಹಾಲು ಬೇಕು. 8 ವಾರ ತಾಯಿಯ ಜೊತೆ ಇದ್ದ ಮರಿಯನ್ನೇ ತರಬೇಕು ಎಂಬುದು ನನ್ನ ಖಡಾಖಂಡಿತ ಮಾತು. ಇಷ್ಟವಾದ ಮರಿ ಇನ್ನೂ ಚಿಕ್ಕದಾಗಿದ್ದು ತಾಯಿಯೂ ಅಲ್ಲೇ ಇದ್ದರೆ, ಮುಂಗಡ ಕೊಟ್ಟು ಅಲ್ಲೇ ಬಿಟ್ಟು ಬನ್ನಿ. ಮಕ್ಕಳು ನಾಲ್ಕು ವಾರ ಕಾಯಲಿ, ಏನೂ ಆಗುವುದಿಲ್ಲ.

"ಇದು ಮಿನಿ ಮೊಲ, ಬೆಳೆಯೋದೇ ಇಲ್ಲ" ಎಂಬ ಇನ್ನೊಂದು ಮಾತೂ ಕೇಳುತ್ತೀರಿ. ಬೆಳೆಯುತ್ತದೆ. ಇವತ್ತು ಅಂಗೈಯಲ್ಲಿ ಕೂರುವುದು ಕೆಲವೇ ತಿಂಗಳಲ್ಲಿ 2-3 ಕಿಲೋ ಆಗಬಹುದು. ಒಳ್ಳೆಯ ಆರೈಕೆ ಸಿಕ್ಕರೆ 8-10 ವರ್ಷ ಬದುಕುತ್ತದೆ.

ಹಳ್ಳಿ ಕಡೆಯವರಿಗೆ ಒಂದು ಮಾತು. ಕಬ್ಬಿನ ಗದ್ದೆಯಲ್ಲೋ ರಾಗಿ ಹೊಲದಲ್ಲೋ ಕಂದು ಬಣ್ಣದ ಮರಿ ಒಂಟಿಯಾಗಿ ಕೂತಿದ್ದರೆ ಅದು ಕಾಡುಮೊಲದ ಮರಿ. ಸಾಕುಮೊಲದ ಜಾತಿಯೇ ಬೇರೆ. ಕಾಡುಮೊಲದ ಮರಿಗೆ ಹುಟ್ಟುವಾಗಲೇ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ತಾಯಿ ಅದನ್ನು ಬಿಟ್ಟು ಓಡಿಹೋಗಿಲ್ಲ. ಕತ್ತಲಾದ ಮೇಲೆ ಹಾಲು ಕುಡಿಸಲು ಬರುತ್ತದೆ. ಗಾಯವಾಗಿಲ್ಲದಿದ್ದರೆ ಮುಟ್ಟದೆ ಅಲ್ಲೇ ಬಿಡಿ. ಅದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

2. ಜಾಗ

ಅಂಗಡಿಯವರು ಕೊಡುವ ತಂತಿ ತಳದ ಪಂಜರ ಬೇಡ. ಅಂಗಾಲು ಹುಣ್ಣಾಗುತ್ತದೆ. ಆಗಲೇ ದುಡ್ಡು ಕೊಟ್ಟಾಗಿದ್ದರೆ ತಳಕ್ಕೆ ರಟ್ಟು, ಅದರ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ. ಅಗಲವಾದ ರಟ್ಟಿನ ಡಬ್ಬಿಯೂ ಸಾಕು. ಒಳಗೆ ಅಡಗಿಕೊಳ್ಳಲು ಮಗುಚಿದ ಚಿಕ್ಕ ಡಬ್ಬಿ, ನೀರಿಗೆ ಭಾರದ ಮಣ್ಣಿನ ಬಟ್ಟಲು ಇಡಿ. ನಳಿಕೆ ಬಾಟಲಿಗಿಂತ ಬಟ್ಟಲೇ ವಾಸಿ, ಮರಿ ತಲೆ ಬಗ್ಗಿಸಿ ಆರಾಮಾಗಿ ಕುಡಿಯುತ್ತದೆ. ಸುವಾಸನೆ ಬರುವ ಮರದ ಹೊಟ್ಟು ತರಬೇಡಿ. ಬೆಕ್ಕು, ನಾಯಿ, ಕಾಗೆ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಮೊದಲ ಎರಡು ಮೂರು ದಿನ ಮರಿ ಅದರ ಪಾಡಿಗೆ ಇರಲಿ. ಕೈಯಿಂದ ಕೈಗೆ ದಾಟಿಸಿ ಫೋಟೊ ತೆಗೆಯುವುದೆಲ್ಲ ಆಮೇಲೆ.

3. ಹಾಲು: ಯಾರಿಗೆ ಬೇಕು, ಹೇಗೆ ಕುಡಿಸಬೇಕು

ಕಣ್ಣು ಬಿಟ್ಟು, ಓಡಾಡಿಕೊಂಡು, ತಾನಾಗಿ ಹುಲ್ಲು ಕಡಿಯುತ್ತಿರುವ ನಾಲ್ಕು ವಾರ ದಾಟಿದ ಮರಿಗೆ ಹಾಲಿನ ಗೋಜಿಗೆ ಹೋಗಬೇಡಿ. ಹುಲ್ಲು, ನೀರು ಕೊಡಿ, ಮುಂದಿನ ಹಂತಕ್ಕೆ ಹೋಗಿ.

ತಾಯಿ ಮೊಲವೂ ನಿಮ್ಮ ಮನೆಯಲ್ಲೇ ಇದ್ದರೆ ಇನ್ನೊಂದು ಎಡವಟ್ಟು ಆಗುತ್ತದೆ. "ತಾಯಿ ಹತ್ತಿರವೇ ಸೇರಿಸ್ತಿಲ್ಲ, ಹಾಲು ಕೊಡ್ತಿಲ್ಲ" ಎಂದು ಗಾಬರಿಯಾಗಿ ಮರಿಗಳನ್ನು ಎತ್ತಿಕೊಂಡುಬಿಡುತ್ತಾರೆ. ಮೊಲ ದಿನಕ್ಕೆ ಒಂದೋ ಎರಡೋ ಸಲ, ಅದೂ ರಾತ್ರಿ ಅಥವಾ ಬೆಳಗಿನ ಜಾವ, ಐದು ನಿಮಿಷದೊಳಗೆ ಹಾಲು ಕುಡಿಸಿ ಹೋಗಿಬಿಡುತ್ತದೆ. ನೀವು ನೋಡದಿರುವುದೇ ಸಹಜ. ಬೆಳಗ್ಗೆ ಮರಿಯ ಹೊಟ್ಟೆ ನೋಡಿ. ಉಬ್ಬಿ, ಚರ್ಮ ಬಿಗಿಯಾಗಿದ್ದರೆ ಹಾಲು ಸಿಕ್ಕಿದೆ. ಹೊಟ್ಟೆ ಒಳಗೆ ಹೋಗಿ ಚರ್ಮ ಸುಕ್ಕಾಗಿದ್ದರೆ ಸಿಕ್ಕಿಲ್ಲ. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬ ಭಯ ಬೇಡ. ಸಾಕುಮೊಲ ಮನುಷ್ಯರ ವಾಸನೆಗೆ ಒಗ್ಗಿಕೊಂಡಿರುತ್ತದೆ.

ನಿಜವಾಗಿ ತಬ್ಬಲಿಯಾದ ಮರಿಗೆ ಮಾತ್ರ ಕೈಯಾರೆ ಹಾಲು ಕುಡಿಸಬೇಕು. ಹಸುವಿನ ಹಾಲು ಯಾಕೆ ಆಗದು? ಮೊಲದ ಹಾಲು ತುಂಬಾ ಗಟ್ಟಿ. ಕೊಬ್ಬು ಹಸುವಿನ ಹಾಲಿನ ಮೂರು ಪಟ್ಟು, ಸಕ್ಕರೆ ಅಂಶ ಬಹಳ ಕಡಿಮೆ. ಹಸುವಿನ ಹಾಲಿನಲ್ಲಿ ಇದು ತಲೆಕೆಳಗು. ಮರಿಗೆ ಬೇಕಾದ ಶಕ್ತಿ ಸಿಗುವುದಿಲ್ಲ, ಬೇಡದ ಸಕ್ಕರೆಯಿಂದ ಭೇದಿ ಶುರುವಾಗುತ್ತದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಇನ್ನೂ ಕೆಟ್ಟದು. ಮಕ್ಕಳ ಡಬ್ಬಿ ಹಾಲಿನಪುಡಿಯೂ ಬೇಡ. ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನಪುಡಿ ಮೊದಲ ಆಯ್ಕೆ. ಅದು ಸಿಗುವ ತನಕ ಮೇಕೆ ಹಾಲು.

ಈಗ ಕುಡಿಸುವ ಕೆಲಸ. ಜನ ಎಡವುವುದು ಇಲ್ಲೇ.

ಮರಿಯ ಮೈ ಮುಟ್ಟಿ ನೋಡಿ. ತಣ್ಣಗಿದ್ದರೆ ಹಾಲು ಹಾಕಲೇಬೇಡಿ. ಚಳಿ ಹಿಡಿದ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ಕಿವಿ ಬೆಚ್ಚಗಾಗುವ ತನಕ ಕಾಯಿರಿ. ಹಾಲನ್ನೂ ಉಗುರುಬೆಚ್ಚಗೆ ಮಾಡಿ, ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿ.

1 ಎಂಎಲ್‌ನ ಸೂಜಿಯಿಲ್ಲದ ಸಿರಿಂಜ್ ತನ್ನಿ. ಪೆಟ್ ಅಂಗಡಿಯ ಗೊಂಬೆ ಬಾಟಲಿಯಂಥದ್ದಕ್ಕೆ ದುಡ್ಡು ಹಾಕಬೇಡಿ. ಅದರ ನಿಪ್ಪಲ್‌ನ ತೂತು ದೊಡ್ಡದಿರುತ್ತದೆ, ಹಾಲು ಒಮ್ಮೆಗೇ ನುಗ್ಗುತ್ತದೆ. 5 ಎಂಎಲ್ ಸಿರಿಂಜ್ ಕೂಡ ಬೇಡ, ಹೆಬ್ಬೆರಳು ಸ್ವಲ್ಪ ಜೋರಾದರೂ ಕೆಟ್ಟಿತು.

ಮಗುವನ್ನು ತೊಡೆ ಮೇಲೆ ಮಲಗಿಸಿದಂತೆ ಮರಿಯನ್ನು ಅಂಗಾತ ಮಲಗಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮರಿಯನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ನಾಲ್ಕೂ ಕಾಲು ಕೆಳಗಿರುವಂತೆ ಕೂರಿಸಿ. ತಲೆ ಸ್ವಲ್ಪವೇ ಮೇಲಿರಲಿ. ಸಿರಿಂಜ್ ತುದಿಯನ್ನು ಬಾಯಿಯ ಪಕ್ಕದಿಂದ ತಾಗಿಸಿ ಒಂದು ಹನಿ ತುಟಿ ಮೇಲೆ ಬಿಡಿ. ಅದು ನೆಕ್ಕುತ್ತದೆ. ಇನ್ನೊಂದು ಹನಿ. ಕೆನ್ನೆ ಆಡುವುದು, ಗಂಟಲು ನುಂಗುವುದು ಕಾಣಬೇಕು, ಆಮೇಲೆ ಮುಂದಿನ ಹನಿ. ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ ಬಂತು ಅಂದರೆ ಅಲ್ಲಿಗೆ ನಿಲ್ಲಿಸಿ. ತಲೆ ಕೆಳಗೆ ಬಾಗಿಸಿ ಮೂಗನ್ನು ಹತ್ತಿಯಿಂದ ಒರೆಸಿ, ಉಸಿರು ಸರಿಯಾಗುವ ತನಕ ಮತ್ತೆ ಕೊಡಬೇಡಿ.

ಎಷ್ಟು ಕೊಡಬೇಕು? ಹೊತ್ತಿಗೆ ಒಂದರಂತೆ ದಿನಕ್ಕೆ ಎರಡು ಸಲ ಕುಡಿಸುವುದಾದರೆ, ಮೊದಲ ವಾರ ಒಂದು ಸಲಕ್ಕೆ 2 ರಿಂದ 2.5 ಎಂಎಲ್. ಎರಡನೇ ವಾರ 5-7. ಮೂರನೇ ವಾರ 7-13. ಅಲ್ಲಿಂದ ಮುಂದೆ, ತಾನಾಗಿ ಹುಲ್ಲು ತಿನ್ನದ ಮರಿಗೆ ಆರು ವಾರದವರೆಗೆ 13-15. ಸಣ್ಣ ಮರಿಗೆ ಇದಕ್ಕಿಂತ ಕಡಿಮೆ ಸಾಕು. ಒಮ್ಮೆಗೇ ಕುಡಿಯದಿದ್ದರೆ ಇಷ್ಟನ್ನೇ ಮೂರು ನಾಲ್ಕು ಸಲಕ್ಕೆ ಹಂಚಿ. ಹೊಟ್ಟೆ ದುಂಡಗಾದರೆ ಸಾಕು, ತಮಟೆಯಂತೆ ಬಿಗಿಯಬಾರದು.

ಕಣ್ಣು ಬಿಡದ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಆ ಕೆಲಸ ಈಗ ನಿಮ್ಮದು. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗ, ಬಾಲದ ಬುಡ ಮೆಲ್ಲಗೆ ಸವರಿ. ಉಚ್ಚೆ ಬರುವ ತನಕ ಬಿಡಬೇಡಿ.

4. ಹಾಲಿನಿಂದ ಹುಲ್ಲಿಗೆ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ನಾಜೂಕಿನ ಹಂತ. ತಾಯಿ ಹಾಲು ಕುಡಿಯುವಷ್ಟು ದಿನ ಮರಿಯ ಹೊಟ್ಟೆಯಲ್ಲಿ ಹುಳಿ ಕಡಿಮೆ. ಹಾಲಿನಿಂದಲೇ ಆಗುವ ಕೆಲವು ಕೊಬ್ಬಿನಾಮ್ಲಗಳು ರೋಗಾಣುಗಳನ್ನು ತಡೆಯುತ್ತವೆ. ಹಾಲು ಬಿಡುವಾಗ ಆ ರಕ್ಷಣೆ ಹೋಗುತ್ತದೆ, ದೊಡ್ಡ ಮೊಲದಂಥ ಹುಳಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಈ ನಡುವಿನ ಸಮಯದಲ್ಲಿ ಬ್ರೆಡ್, ಬಿಸ್ಕತ್ತು, ಅನ್ನ, ಬಾಳೆಹಣ್ಣು ಹಾಕಿದರೆ ಕರುಳಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಂತೆ ಮರಿಗಳು ಹೆಚ್ಚಾಗಿ ಸಾಯುವುದು ಹೀಗೆ.

ಒಣಹುಲ್ಲು ಹಗಲು ರಾತ್ರಿ ಎದುರಿಗೇ ಇರಬೇಕು. ಆನ್‌ಲೈನ್‌ನಲ್ಲಿ ಟಿಮೊತಿ ಹುಲ್ಲು ಸಿಗುತ್ತದೆ, ಬೆಲೆ ಜಾಸ್ತಿ. ನಮ್ಮ ಗರಿಕೆಯೇನು ಕಮ್ಮಿ? ಹೊರದೇಶದವರು ಬರ್ಮುಡಾ ಹುಲ್ಲು ಎಂದು ಕಟ್ಟು ಕಟ್ಟಿ ಮಾರುವುದು ಗಣಪತಿಗೆ ಏರಿಸುವ ಇದೇ ಗರಿಕೆಯನ್ನು. ರಸ್ತೆ ಬದಿಯದ್ದು, ನಾಯಿ ಓಡಾಡುವ ಜಾಗದ್ದು, ಔಷಧಿ ಹೊಡೆದದ್ದು ಬೇಡ. ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಲ್ಲಿ ಬಟ್ಟೆ ಮೇಲೆ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ತಿರುವಿ. ಹಿಡಿಯಷ್ಟು ತಿರುಚಿದರೆ ಸರಸರ ಸದ್ದು ಬರಬೇಕು, ಹಸಿರು ಮಾತ್ರ ಉಳಿದಿರಬೇಕು. ಬಟ್ಟೆ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಬೂಷ್ಟು ಬರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ದಿನಾ ಮೂಸಿ ನೋಡಿಯೇ ಹಾಕಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ.

ಜೊತೆಗೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಒಣಗಿಸಿ ಕೊಡಿ. ರೈತರು ದನಕ್ಕೆ ಬೆಳೆಯುವುದೇ ಅದು. ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ ಇರುವುದರಿಂದ ಬೆಳೆಯುವ ಮರಿಗೆ ಒಳ್ಳೆಯದು. ಆರು ತಿಂಗಳಾದ ಮೇಲೆ ನಿಲ್ಲಿಸಿ, ಬರೀ ಹುಲ್ಲಿಗೆ ತನ್ನಿ. ಭತ್ತದ ಹುಲ್ಲು ಹಾಸಲು ಸರಿ, ಹೊಟ್ಟೆಗಲ್ಲ.

ಪೆಲೆಟ್ (ಪುಡಿ ಮಾಡಿ ಒತ್ತಿದ ಗುಳಿಗೆಯಂಥ ಮೇವು) ಕೊಡುವುದಾದರೆ ಸಾದಾ ಹಸಿರು ಪೆಲೆಟ್ ಕೊಡಿ. ಬಣ್ಣಬಣ್ಣದ ಕಾಳು, ಜೋಳ, ಸೂರ್ಯಕಾಂತಿ ಬೀಜ ಬೆರೆಸಿದ ಪ್ಯಾಕೆಟ್ ಮೇಲೆ ಮೊಲದ ಚಿತ್ರ ಎಷ್ಟೇ ಚೆಂದ ಇದ್ದರೂ ಕೊಳ್ಳಬೇಡಿ. ಮರಿ ಸಿಹಿ ಕಾಳನ್ನಷ್ಟೇ ಆರಿಸಿ ತಿಂದು ಹುಲ್ಲು ಬಿಡುತ್ತದೆ. ಮಾರಿದವರು ಏನು ಹಾಕುತ್ತಿದ್ದರೋ ಅದನ್ನೇ ಮೊದಲು ಮುಂದುವರಿಸಿ, ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಿಸಿ.

ಹಸಿ ಸೊಪ್ಪು 12 ವಾರದ ತನಕ ಬೇಡ. ಆಮೇಲೆ ಕೊತ್ತಂಬರಿ, ಪುದೀನ, ಹೀಗೆ ಒಂದು ಸಲಕ್ಕೆ ಒಂದೇ ಬಗೆ, ಎರಡೆಲೆಯಷ್ಟು. ಕ್ಯಾರೆಟ್? ಕಾರ್ಟೂನ್ ನೋಡಿ ಕಲಿತ ಪಾಠ ಅದು. ಸಕ್ಕರೆ ಜಾಸ್ತಿ, ದೊಡ್ಡದಾದ ಮೇಲೆ ಅಪರೂಪಕ್ಕೊಂದು ಚೂರು ಸಾಕು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವತ್ತೂ ಬೇಡ.

ಹಿಕ್ಕೆ ನೋಡುವುದು ದಿನದ ಮೊದಲ ಕೆಲಸ. ಉರುಟು, ಒಣ ಹಿಕ್ಕೆ ಇದ್ದರೆ ಎಲ್ಲ ಸರಿ. ಕೆಲವೊಮ್ಮೆ ಮೆತ್ತಗಿನ, ಹೊಳೆಯುವ, ಒಂದಕ್ಕೊಂದು ಅಂಟಿದ ಹಿಕ್ಕೆ ಹಾಕಿ ಅದನ್ನೇ ತಿನ್ನುತ್ತದೆ. ಹೇಸಿಗೆ ಎಂದು ತಡೆಯಬೇಡಿ. ಅದರಲ್ಲಿ ಕರುಳಿಗೆ ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ, ವಿಟಮಿನ್ ಇರುತ್ತವೆ. ನೀರಿನಂತೆ ಭೇದಿಯಾದರೆ ಮಾತ್ರ ಅದು ತುರ್ತು ಸ್ಥಿತಿ. ನಾಳೆ ನೋಡೋಣ ಎಂದರೆ ನಾಳೆಗೆ ಮರಿ ಇರುವುದಿಲ್ಲ. ಅರ್ಧ ದಿನ ಏನೂ ತಿನ್ನದಿದ್ದರೂ ಅಷ್ಟೇ.

5. ಸ್ನಾನ, ಸೆಕೆ, ಎತ್ತುವುದು

ಸ್ನಾನ ಬೇಡವೇ ಬೇಡ. ಒದ್ದೆಯಾದ ಮರಿ ಚಳಿಗೆ, ಹೆದರಿಕೆಗೆ ಸಾಯಬಹುದು. ಕೊಳೆಯಾದ ಜಾಗ ಮಾತ್ರ ಒರೆಸಿ. ಕೂದಲು ಬಂದ ಮರಿಗೆ 30 ಡಿಗ್ರಿ ಸೆಕೆಯೇ ಕಷ್ಟ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ತಂಪಾದ ನೆಲ, ಬಟ್ಟೆ ಸುತ್ತಿದ ಐಸ್ ಬಾಟಲಿ, ಒದ್ದೆ ಕೈಯಿಂದ ಕಿವಿ ಸವರುವುದು ಇದ್ದೇ ಇರಬೇಕು. ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ. ಗಾಳಿಯಲ್ಲಿ ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು. ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಆಡಿಸಲಿ.

6. ಔಷಧಿ

ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕುಡಿಸಬೇಡಿ. ಮನುಷ್ಯರಿಗೆ ಸಾಮಾನ್ಯವಾದ ಆ ಮಾತ್ರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಮೊಲವನ್ನೂ ಕೊಲ್ಲುತ್ತದೆ. ನಾಯಿಗೆ ಹಾಕುವ ಫಿಪ್ರೊನಿಲ್ ಇರುವ ಉಣ್ಣೆ ಔಷಧಿಯೂ ಮೊಲಕ್ಕೆ ವಿಷ. ಮೂಗು, ಕಿವಿ ಅಂಚಿನಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದು ಕಜ್ಜಿ. ಬೇವಿನೆಣ್ಣೆ ಬಳಿಯುತ್ತಾ ಕೂರದೆ ವೈದ್ಯರಿಗೆ ತೋರಿಸಿ, ಸುಲಭವಾಗಿ ವಾಸಿಯಾಗುತ್ತದೆ. ಹತ್ತಿರ ಮೊಲ ನೋಡುವವರಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯ ಕಾಲೇಜುಗಳಲ್ಲಿ ವಿಚಾರಿಸಿ.

7. ಗಂಡೋ ಹೆಣ್ಣೋ

"ಎರಡೂ ಹೆಣ್ಣೇ" ಎಂದು ಕೊಟ್ಟ ಜೋಡಿಯಿಂದ ಆರು ಮರಿ ಹುಟ್ಟುವುದು ಹೊಸದಲ್ಲ. ಚಿಕ್ಕ ಮರಿಯಲ್ಲಿ ಗುರುತಿಸುವುದು ಕಷ್ಟ. 10-12 ವಾರಕ್ಕೆ ವೈದ್ಯರಿಂದ ನೋಡಿಸಿ, ಗಂಡು ಹೆಣ್ಣು ಇದ್ದರೆ ಅಂದೇ ಬೇರೆ ಮಾಡಿ. ನಾಲ್ಕು ತಿಂಗಳಿಗೇ ಗಬ್ಬ ಕಟ್ಟಬಹುದು, ಮತ್ತೆ 31 ದಿನಕ್ಕೆ ಮರಿ. ಹೆರಿಗೆಯಾದ ದಿನವೇ ಮತ್ತೆ ಗಬ್ಬವಾಗುವುದೂ ಉಂಟು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಗಂಡಿಗೆ ನಾಲ್ಕೈದು ತಿಂಗಳಿಗೆ, ಹೆಣ್ಣಿಗೆ ಆರು ತಿಂಗಳ ಹೊತ್ತಿಗೆ ಮಾಡಿಸಬಹುದು. ಮೊಲಕ್ಕೆ ಮಾಡಿ ಅಭ್ಯಾಸವಿರುವವರ ಹತ್ತಿರವೇ ಹೋಗಿ. ಹಿಂದಿನ ರಾತ್ರಿಯಿಂದ ಉಪವಾಸ ಇಡಿ ಎಂದು ಹೇಳಿದರೆ ಬೇರೆಯವರನ್ನು ಹುಡುಕಿ. ಮೊಲ ವಾಂತಿ ಮಾಡುವ ಪ್ರಾಣಿಯಲ್ಲ, ಆಪರೇಷನ್‌ಗೂ ಅದನ್ನು ಉಪವಾಸ ಕೆಡವುವುದಿಲ್ಲ.